ಸಾಕ್ಷ್ಯವೂ ದಾಖಲೆಯೂ: ಹಾಲೋಕಾಸ್ಟ್ ಬೋಧನೆಯಲ್ಲಿ ಬದುಕುಳಿದವರ ಮಾತು

ಪೀಠಿಕೆ

ನಾಜಿ ಜರ್ಮನಿ ಮತ್ತು ಅದರ ಸಹಚರರು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಈ ನರಮೇಧವನ್ನು ಬೋಧಿಸುವಾಗ ಬದುಕುಳಿದವರ ಮಾತನ್ನು ಕೇಳಿಸುವುದು ಅನೇಕ ದೇಶಗಳಲ್ಲಿ ರೂಢಿಯಾಗಿದೆ. ಆದರೆ ಆ ಮಾತು ತರಗತಿಯಲ್ಲಿ ಹೆಚ್ಚಾಗಿ ಕಣ್ಣೀರು ತರಿಸುವ ಕಥೆಯಾಗಿಯೋ ಪಠ್ಯದ ವಿವರಕ್ಕೆ ಪುರಾವೆಯಾಗಿಯೋ ಬಳಕೆಯಾಗುತ್ತದೆ. ಸಾಕ್ಷ್ಯವನ್ನು ದಾಖಲೆಯ ಪಕ್ಕದಲ್ಲಿಟ್ಟು, ಎರಡೂ ಹೊಂದದ ಎಡೆಗಳನ್ನು ವಿದ್ಯಾರ್ಥಿಗಳೇ ಪರಿಶೀಲಿಸುವಂತೆ ಮಾಡಿದಾಗ ಮಾತ್ರ ಅದು ಇತಿಹಾಸದ ಪಾಠವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಸಂಗ್ರಹದ ಹಿನ್ನೆಲೆ

ಮನಶ್ಶಾಸ್ತ್ರಜ್ಞ ಡೇವಿಡ್ ಬೋಡರ್ 1946ರಲ್ಲೇ ಯುರೋಪಿನ ನಿರಾಶ್ರಿತರ ನೆಲೆಗಳಿಗೆ ಹೋಗಿ, ತಂತಿಯ ಮೇಲೆ ಧ್ವನಿ ಮುದ್ರಿಸುವ ಯಂತ್ರದಲ್ಲಿ ಸಂದರ್ಶನಗಳನ್ನು ದಾಖಲಿಸಿದರು. 1961ರಲ್ಲಿ ಜೆರುಸಲೇಮಿನಲ್ಲಿ ನಡೆದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆಯಲ್ಲಿ ನೂರಕ್ಕೂ ಹೆಚ್ಚು ಸಾಕ್ಷಿಗಳು ಮಾತನಾಡಿದ ಮೇಲೆ ಬದುಕುಳಿದವರ ಅನುಭವಕ್ಕೆ ಸಾರ್ವಜನಿಕ ಮನ್ನಣೆ ದೊರೆಯಿತು. 1979ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಆರಂಭವಾದ ವಿಡಿಯೊ ಸಂಗ್ರಹ ಮುಂದೆ ಯೇಲ್ ವಿಶ್ವವಿದ್ಯಾಲಯವನ್ನು ಸೇರಿತು. ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಸ್ಥಾಪಿಸಿದ ಶೋವಾ ಪ್ರತಿಷ್ಠಾನದ ಬಳಿ ಇಂದು 50,000ಕ್ಕೂ ಹೆಚ್ಚು ಸಾಕ್ಷ್ಯಗಳಿವೆ. ಸಾಮಗ್ರಿಗೆ ಕೊರತೆಯಿಲ್ಲ, ಕೊರತೆಯಿರುವುದು ಅದನ್ನು ಓದಿಸುವ ಕ್ರಮದಲ್ಲಿ.

ನೆನಪು ತಪ್ಪಿದ ಎಡೆ

ಯೇಲ್ ಸಂಗ್ರಹದ ಸ್ಥಾಪಕರಲ್ಲೊಬ್ಬರಾದ ಮನೋವೈದ್ಯ ಡೋರಿ ಲೌಬ್ 1992ರಲ್ಲಿ ಒಂದು ಪ್ರಸಂಗವನ್ನು ಚರ್ಚೆಗೆ ತಂದರು. 1944ರ ಅಕ್ಟೋಬರ್ 7ರಂದು ಆಶ್‌ವಿಟ್ಜ್‌ನ ಶವದಹನಾಗಾರಗಳ ಕೈದಿ ಕೆಲಸಗಾರರು ದಂಗೆಯೆದ್ದಿದ್ದರು. ಅದನ್ನು ಕಂಡ ಮಹಿಳೆಯೊಬ್ಬರು, ನಾಲ್ಕು ಚಿಮಣಿಗಳು ಬೆಂಕಿಗೆ ಆಹುತಿಯಾದವು ಎಂದು ಹೇಳಿದ್ದರು. ನಾಶವಾದದ್ದು ಒಂದೇ, ಆದ್ದರಿಂದ ಈ ಸಾಕ್ಷ್ಯ ನಂಬಲರ್ಹವಲ್ಲ ಎಂದು ಇತಿಹಾಸಕಾರರು ಆಕ್ಷೇಪಿಸಿದರು. ಲೌಬ್ ಒಪ್ಪಲಿಲ್ಲ. ಆಶ್‌ವಿಟ್ಜ್‌ನಂಥ ಕಡೆ ಪ್ರತಿರೋಧವೇ ಊಹಾತೀತವಾಗಿತ್ತು. ಅದು ಸಾಧ್ಯವಾಯಿತೆಂಬುದಕ್ಕೆ ಆಕೆ ಸಾಕ್ಷಿ ಎಂಬುದು ಅವರ ನಿಲುವು.

ತರಗತಿಯಲ್ಲಿ ಎರಡೂ ನಿಲುವುಗಳಿಗೆ ಜಾಗ ಬೇಕು. ಒಂದೇ ಚಿಮಣಿ ಎಂಬ ತಿದ್ದುಪಡಿಯನ್ನು ಮುಚ್ಚಿಟ್ಟರೆ ಹತ್ಯಾಕಾಂಡವನ್ನೇ ಅಲ್ಲಗಳೆಯುವವರಿಗೆ ನಾವೇ ಅಸ್ತ್ರ ಒದಗಿಸಿದಂತಾಗುತ್ತದೆ. ತಿದ್ದುಪಡಿಗಷ್ಟೇ ನಿಂತರೆ ದಂಗೆಯ ಅರ್ಥವೇ ಕೈತಪ್ಪುತ್ತದೆ.

ಬೆಲ್ಜೆಕ್: ಎರಡು ಆಕರಗಳು

ದಾಖಲೆಯೂ ತಪ್ಪಿನಿಂದ ಹೊರತಲ್ಲ. ಎಸ್‌ಎಸ್ ಅಧಿಕಾರಿ ಹರ್ಮನ್ ಹಾಫ್ಲೆ 1943ರ ಜನವರಿ 11ರಂದು ಕಳುಹಿಸಿದ ಗುಪ್ತ ಸಂದೇಶವನ್ನು ಬ್ರಿಟಿಷರು ಸೆರೆಹಿಡಿದಿದ್ದರೂ ಅದರ ಮಹತ್ವ ಇತಿಹಾಸಕಾರರಿಗೆ ತಿಳಿದದ್ದು 2000ದ ಹೊತ್ತಿಗೆ. ಅದರಲ್ಲಿ ನಾಲ್ಕು ಶಿಬಿರಗಳಿಗೆ ಒಂದೊಂದು ಅಕ್ಷರ, ಅದರ ಮುಂದೆ 1942ರ ಕೊನೆಯವರೆಗೆ ಅಲ್ಲಿಗೆ ತಂದವರ ಲೆಕ್ಕ: ಎಲ್ 24,733, ಬಿ 4,34,508, ಎಸ್ 1,01,370, ಟಿ 71,355. ಮೊತ್ತ 12,74,166 ಎಂದಿದೆ. ವಿದ್ಯಾರ್ಥಿಗಳು ಕೂಡಿ ನೋಡಿದರೆ ಲೆಕ್ಕ ಸರಿಹೋಗದು. ‘ಟಿ’ ಅಂದರೆ ಟ್ರೆಬ್ಲಿಂಕಾದ ಸಂಖ್ಯೆಯಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ಅದು 7,13,555 ಆದರೆ ಮೊತ್ತ ತಾಳೆಯಾಗುತ್ತದೆ. ಆರು ಲಕ್ಷಕ್ಕೂ ಮಿಕ್ಕ ಜನ ಒಂದು ಅಂಕಿಯ ಲೋಪದಲ್ಲಿ ಕಾಣೆಯಾಗಿದ್ದರು.

ಇಲ್ಲಿನ ‘ಬಿ’ ಎಂದರೆ ಬೆಲ್ಜೆಕ್. ಅಲ್ಲಿಂದ ಪಾರಾಗಿ ಯುದ್ಧಾನಂತರ ಹೇಳಿಕೆ ನೀಡಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಲ್ವೋವ್ ನಗರದ ಸೋಪು ತಯಾರಕ ರುಡಾಲ್ಫ್ ರೇಡರ್ ಒಬ್ಬರು. 1942ರ ಆಗಸ್ಟ್‌ನಲ್ಲಿ ಶಿಬಿರ ಸೇರಿದ ಅವರು, ನವೆಂಬರಿನಲ್ಲಿ ತಗಡು ತರಲೆಂದು ಲ್ವೋವ್‌ಗೆ ಕರೆದೊಯ್ದಾಗ ಕಾವಲುಗಾರ ನಿದ್ದೆಹೋದದ್ದನ್ನು ಕಂಡು ತಪ್ಪಿಸಿಕೊಂಡರು. ಅವರ ವೃತ್ತಾಂತ 1946ರಲ್ಲಿ ಕ್ರಾಕೋವ್‌ನಲ್ಲಿ ಪ್ರಕಟವಾಯಿತು. ಸತ್ತವರ ಸಂಖ್ಯೆಯನ್ನು ಅವರು ಬಹಳ ಹೆಚ್ಚಾಗಿ ಅಂದಾಜಿಸಿದ್ದರು. ಆದರೆ ಹೊಂಡ ತೋಡಿದವರು ಯಾರು, ಜನರನ್ನು ಒಳಗೆ ದೂಡಿದ್ದು ಹೇಗೆ ಎಂಬುದು ತಿಳಿಯುವುದು ಅವರಿಂದಲೇ, ಹಾಫ್ಲೆಯ ಅಂಕಿಗಳಿಂದಲ್ಲ.

ಬೋಧನಾ ಕ್ರಮ

ಮೊದಲು ಕಾಲಾನುಕ್ರಮ ಮತ್ತು ಭೂಪಟ, ಅನಂತರ ಸಾಕ್ಷ್ಯದ ದೀರ್ಘ ಭಾಗ, ಆಮೇಲೆ ಅದೇ ಘಟನೆಯ ಅಧಿಕೃತ ದಾಖಲೆ ಎಂಬ ಕ್ರಮ ಉಚಿತ. ಯಾರು, ಯಾವಾಗ, ಯಾರಿಗೆ ಹೇಳಿದರು, ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಎರಡಕ್ಕೂ ಹಾಕಬೇಕು. ಬಲಿಪಶುಗಳ ಪಾತ್ರವನ್ನು ಮಕ್ಕಳಿಂದ ಮಾಡಿಸುವುದು ಬೇಡವೆಂದು ವಾಷಿಂಗ್ಟನ್ನಿನ ಹಾಲೋಕಾಸ್ಟ್ ಸ್ಮಾರಕ ಸಂಗ್ರಹಾಲಯವೂ ಎಚ್ಚರಿಸುತ್ತದೆ. ಅಭಿನಯದಿಂದ ಅನುಭವ ಹಗುರಾಗುತ್ತದೆಯೇ ಹೊರತು ತಿಳಿಯುವುದಿಲ್ಲ.

ಉಪಸಂಹಾರ

ಬದುಕುಳಿದವರು ಅಪವಾದವೇ ಹೊರತು ಮಾದರಿಯಲ್ಲ ಎಂಬ ಎಚ್ಚರವನ್ನು ಸ್ವತಃ ಬದುಕುಳಿದ ಲೇಖಕ ಪ್ರಿಮೋ ಲೆವಿ 1986ರಲ್ಲೇ ನೀಡಿದ್ದರು. ಕೊಲೆ ಪೂರ್ಣವಾಗಿ ನಡೆದ ಕಡೆ ಸಾಕ್ಷ್ಯ ಅತ್ಯಲ್ಪ. ಹೆಚ್ಚು ಮಾತು ಸಿಗುವ ಕಡೆಯಿಂದಲೇ ಇಡೀ ಚಿತ್ರ ಕಟ್ಟಿದರೆ ಬೆಲ್ಜೆಕ್ ಹೊರಗುಳಿಯುತ್ತದೆ. ಸಾಕ್ಷ್ಯವನ್ನು ಪೂಜಿಸದೆ, ಶಂಕೆಯಿಂದ ತಳ್ಳಿಹಾಕದೆ, ಆಕರವೆಂದು ಗೌರವಿಸಿ ಪರೀಕ್ಷಿಸುವುದನ್ನು ಕಲಿಸುವುದೇ ಅಧ್ಯಾಪಕರ ಹೊಣೆ.