ಮಣ್ಣು ಸವಕಳಿಯ ಗಣಕ ಮಾದರಿಗಳು: ಪರೀಕ್ಷೆಯ ಕಥೆ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ರಾಯಾಪುರವಿದೆ. ಇಲ್ಲಿಂದ ಪೂರ್ವಕ್ಕೆ ನವಲಗುಂದದ ಕಡೆ ಹೋದರೆ ಎರೆ ಹೊಲಗಳು. ಪಶ್ಚಿಮಕ್ಕೆ ಧಾರವಾಡ ದಾಟಿದರೆ ಕೆಂಪು ಮಸಾರಿ. ಎರಡೂ ಕಡೆ ಒಂದೇ ದಿನ 60 ಮಿಲಿಮೀಟರ್ ಮಳೆ ಬಿತ್ತೆಂದುಕೊಳ್ಳಿ. ಎಷ್ಟು ನೀರು ನೆಲಕ್ಕೆ ಇಂಗೀತು? ಎಷ್ಟು ಹರಿದು ಹಳ್ಳ ಸೇರೀತು? ಅದರೊಡನೆ ಎಷ್ಟು ಮಣ್ಣು ಹೋದೀತು? ಒಡ್ಡು ಎಲ್ಲಿ ಹಾಕಬೇಕು, ಚೆಕ್ ಡ್ಯಾಂ ಎಷ್ಟು ದೊಡ್ಡದಿರಬೇಕು ಎಂಬುದು ಈ ಉತ್ತರಗಳನ್ನು ಅವಲಂಬಿಸಿದೆ. ಇಂದು ಇಂಥ ಉತ್ತರಗಳನ್ನು ಗಣಕ ಮಾದರಿಗಳಿಂದ ಪಡೆಯುವುದು ರೂಢಿ. ಅವುಗಳನ್ನು ಎಷ್ಟು ನಂಬಬಹುದು? ಇದನ್ನು ತಿಳಿಯಲು ಅವು ಬೆಳೆದುಬಂದ ದಾರಿಯನ್ನು ನೋಡಬೇಕು.

ತೊಟ್ಟಿಯಿಂದ ಸೂತ್ರಕ್ಕೆ

ಮೊದಲು ಬಂದದ್ದು ಅಳತೆ. 1917ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಇಳಿಜಾರು ನೆಲವನ್ನು ಸಣ್ಣ ತಾಕುಗಳಾಗಿ ವಿಂಗಡಿಸಿ, ಹರಿದು ಬಂದ ನೀರನ್ನೂ ಮಣ್ಣನ್ನೂ ಕೆಳಗೆ ತೊಟ್ಟಿಯಲ್ಲಿ ಹಿಡಿದು ಅಳೆಯತೊಡಗಿದರು. ನಮ್ಮಲ್ಲಿ 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು.

ಅಮೆರಿಕದಲ್ಲಿ ಇಂಥ ತಾಕುಗಳ ಹತ್ತು ಸಾವಿರಕ್ಕೂ ಹೆಚ್ಚು ವಾರ್ಷಿಕ ದಾಖಲೆಗಳನ್ನು ಒಟ್ಟುಗೂಡಿಸಿ, ವಿಷ್‌ಮಾಯರ್ ಮತ್ತು ಸ್ಮಿತ್ 1965ರಲ್ಲಿ 'ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣ'ವನ್ನು ಪ್ರಕಟಿಸಿದರು. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ಬೆಳೆಯ ಹೊದಿಕೆ, ಒಡ್ಡಿನಂಥ ರಕ್ಷಣಾ ಕ್ರಮ ಇವುಗಳನ್ನು ಗುಣಿಸಿದರೆ ವರ್ಷದ ಸರಾಸರಿ ನಷ್ಟ ಸಿಗುತ್ತದೆ. ಇದರ ಮೂಲ ಅಳತೆಗೋಲು 22.13 ಮೀಟರ್ ಉದ್ದ, ಶೇ. 9ರಷ್ಟು ಇಳಿಜಾರಿನ ಬರಿ ನೆಲ. 'ಸರಾಸರಿ' ಎಂಬ ಮಾತನ್ನು ಗಮನಿಸಿ. ಒಂದೇ ಒಂದು ಮಳೆಯ ನಷ್ಟವನ್ನು ಹೇಳಲು ಈ ಸೂತ್ರ ಹುಟ್ಟಿದ್ದಲ್ಲ. ಅದರ ಸದುಪಯೋಗ, ದುರುಪಯೋಗಗಳ ಬಗ್ಗೆ ವಿಷ್‌ಮಾಯರ್ ಅವರೇ 1976ರಲ್ಲಿ ಲೇಖನ ಬರೆದು ಎಚ್ಚರಿಸಬೇಕಾಯಿತು.

ಅಷ್ಟರಲ್ಲಿ ಗಣಕಗಳು ಬಂದಿದ್ದವು. 1966ರ ಸ್ಟ್ಯಾನ್‌ಫರ್ಡ್ ಮಾದರಿ ಜಲಾನಯನದ ನೀರಿನ ಲೆಕ್ಕವನ್ನು ಗಣಕಕ್ಕೆ ಒಪ್ಪಿಸಿತು. 1990ರ ದಶಕದಲ್ಲಿ ನದೀಪಾತ್ರಗಳಿಗಾಗಿ 'ಸ್ವಾಟ್', ಹೊಲ ಮತ್ತು ಸಣ್ಣ ಜಲಾನಯನಗಳಿಗಾಗಿ 'ವೆಪ್' ಮಾದರಿಗಳು ಬಳಕೆಗೆ ಬಂದವು.

ಪರೀಕ್ಷೆಯ ನಿಯಮಗಳು

ಮಾದರಿ ಸರಿಯೋ ತಪ್ಪೋ ಎಂದು ಹೇಳುವುದು ಹೇಗೆ? 1970ರಲ್ಲಿ ನ್ಯಾಶ್ ಮತ್ತು ಸಟ್‌ಕ್ಲಿಫ್ ಒಂದು ಅಂಕ ಪದ್ಧತಿ ಸೂಚಿಸಿದರು. ಲೆಕ್ಕವೂ ಅಳತೆಯೂ ಪೂರ್ತಿ ಹೊಂದಿದರೆ ಅಂಕ 1. ಅಳತೆಗಳ ಸರಾಸರಿಯನ್ನೇ ಪ್ರತಿದಿನದ ಉತ್ತರವೆಂದು ಹೇಳಿದರೂ ಸಿಗುವಷ್ಟೇ ನಿಖರತೆಯಿದ್ದರೆ ಅಂಕ 0. ಋಣಾತ್ಮಕ ಅಂಕ ಬಂದರೆ ಮಾದರಿಗಿಂತ ಸರಾಸರಿಯೇ ಮೇಲು!

ಆದರೆ ಅಂಕ ಹೆಚ್ಚಿಸುವುದು ಕಷ್ಟವಲ್ಲ. ಮಾದರಿಯೊಳಗಿನ ಸಂಖ್ಯೆಗಳನ್ನು ಅಳತೆಗೆ ಹೊಂದುವವರೆಗೆ ತಿದ್ದುತ್ತ ಹೋದರಾಯಿತು. ಮೊದಲೇ ಬಾಯಿಪಾಠ ಮಾಡಿಸಿದ ಪ್ರಶ್ನೆಗಳನ್ನೇ ಪರೀಕ್ಷೆಯಲ್ಲಿ ಕೇಳಿದಂತೆ ಅದು. ಆದ್ದರಿಂದ ಕ್ಲೆಮೆಶ್ 1986ರಲ್ಲಿ ಕಠಿಣ ನಿಯಮಗಳನ್ನು ಮುಂದಿಟ್ಟರು. ಕೆಲವು ವರ್ಷಗಳ ದಾಖಲೆಯಿಂದ ಮಾದರಿಯನ್ನು ಹೊಂದಿಸಿ, ಬೇರೆ ವರ್ಷಗಳ ದಾಖಲೆಯಿಂದ ಪರೀಕ್ಷಿಸಬೇಕು. ಒಂದು ಜಲಾನಯನದಲ್ಲಿ ಹೊಂದಿಸಿದ್ದನ್ನು ಇನ್ನೊಂದರಲ್ಲಿಯೂ ನೋಡಬೇಕು.

ಮಣ್ಣಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮಾದರಿಗಳು ಸಣ್ಣ ನಷ್ಟವನ್ನು ಹೆಚ್ಚಾಗಿಯೂ ದೊಡ್ಡ ನಷ್ಟವನ್ನು ಕಡಿಮೆಯಾಗಿಯೂ ಹೇಳುತ್ತವೆ ಎಂಬುದನ್ನು 1998ರಲ್ಲಿ ನಿಯರಿಂಗ್ ವಿವರಿಸಿದರು. ಇದಕ್ಕೆ ಮಾದರಿಯೊಂದೇ ಕಾರಣವಲ್ಲ. ಒಂದೇ ಬಗೆಯ ಉಳುಮೆ, ಒಂದೇ ಇಳಿಜಾರು ಇರುವ ಅಕ್ಕಪಕ್ಕದ ತಾಕುಗಳೂ ಒಂದೇ ಪ್ರಮಾಣದ ಮಣ್ಣು ಕೊಡುವುದಿಲ್ಲ. ಮರುವರ್ಷ ಅವರೂ ಸಂಗಡಿಗರೂ ಕಂಡುಕೊಂಡಂತೆ, ನಷ್ಟ ಬಹಳವಿದ್ದಾಗ ಈ ಏರುಪೇರು ಶೇ. 14ರಷ್ಟು, ತೀರ ಕಡಿಮೆಯಿದ್ದಾಗ ಶೇ. 150ರಷ್ಟು. ಪ್ರಕೃತಿಯಲ್ಲಿಯೇ ಇಷ್ಟು ವ್ಯತ್ಯಾಸವಿರುವಾಗ ಮಾದರಿಯಿಂದ ಇದಕ್ಕಿಂತ ಹೆಚ್ಚಿನ ನಿಖರತೆಯನ್ನು ಬಯಸಲಾಗದು.

ನಮ್ಮ ನೆಲದಲ್ಲಿ

ಈಗ ಆ 60 ಮಿಲಿಮೀಟರ್ ಮಳೆಗೆ ಮರಳೋಣ. ಹರಿಯುವ ನೀರನ್ನು ಲೆಕ್ಕ ಹಾಕಲು 1950ರ ದಶಕದ ಅಮೆರಿಕದ 'ಕರ್ವ್ ನಂಬರ್' ವಿಧಾನ ಪ್ರಸಿದ್ಧ. ನೆಲ ಹಿಡಿದಿಟ್ಟುಕೊಳ್ಳಬಲ್ಲ ನೀರಿನಲ್ಲಿ ಐದನೆಯ ಒಂದು ಭಾಗ, ಅಂದರೆ 0.2ರಷ್ಟು ತುಂಬಿದ ಮೇಲೆ ಹರಿವು ಆರಂಭವಾಗುತ್ತದೆ ಎಂಬುದು ಅದರ ಕಲ್ಪನೆ. ಭಾರತದ ಪರಿಸ್ಥಿತಿಗೆ ಇದನ್ನು ತಿದ್ದಿದ್ದಾರೆ. ನೆನೆದು ಬಿರುಕು ಮುಚ್ಚಿದ ಎರೆ ನೆಲಕ್ಕೆ 0.1, ಉಳಿದ ನೆಲಕ್ಕೆ 0.3 ಬಳಸುತ್ತಾರೆ.

ಇದರಿಂದಾಗುವ ವ್ಯತ್ಯಾಸ ಎಷ್ಟು? ಕರ್ವ್ ನಂಬರ್ ಎರಡೂ ಕಡೆ 80 ಎಂದೇ ಇಟ್ಟುಕೊಳ್ಳಿ. 0.1 ಬಳಸಿದರೆ ಸುಮಾರು 25 ಮಿಲಿಮೀಟರ್, 0.3 ಬಳಸಿದರೆ 16 ಮಿಲಿಮೀಟರ್ ಹರಿವು ಬರುತ್ತದೆ. ಒಂದು ಹೆಕ್ಟೇರಿಗೆ ಇದು ಎರಡೂವರೆ ಲಕ್ಷ ಮತ್ತು 1.6 ಲಕ್ಷ ಲೀಟರ್. ಒಂದೇ ಒಂದು ಅಂಕಿ ಬದಲಾದರೆ ಒಡ್ಡಿನ ಮೇಲೆ ಬರುವ ನೀರು ಅರ್ಧಕ್ಕೂ ಹೆಚ್ಚು ಏರುತ್ತದೆ. ಯಾವ ಅಂಕಿ ಸರಿ ಎಂಬುದನ್ನು ಗಣಕ ಹೇಳಲಾರದು. ಹಳ್ಳದಲ್ಲಿ ನೆಟ್ಟ ಅಳತೆ ಪಟ್ಟಿ ಹೇಳಬಲ್ಲದು.

ಅಳತೆಯನ್ನೂ ಪ್ರಶ್ನಿಸಬೇಕಾಗುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 1953ರಲ್ಲಿ ಸುಮಾರು 133 ಟಿಎಂಸಿ ಅಡಿ. 2008ರ ಸಮೀಕ್ಷೆ ಅದನ್ನು 100.86 ಎಂದಿತು, 2016ರ ಸಮೀಕ್ಷೆ 105.79 ಎಂದಿತು. ಹೂಳು ತಾನಾಗಿ ಹೊರಗೆ ಹೋಗಲಿಲ್ಲ. ವ್ಯತ್ಯಾಸವಿರುವುದು ಅಳತೆಗಳ ನಡುವೆ. ಈ ಜಲಾನಯನದ ಸವಕಳಿ ಮಾದರಿಯನ್ನು ಹೂಳಿನ ಲೆಕ್ಕದಿಂದ ಪರೀಕ್ಷಿಸುವವರು ಯಾವ ಅಂಕಿಯನ್ನು ಆರಿಸಿಕೊಂಡರು ಎಂಬುದನ್ನು ಹೇಳಲೇಬೇಕು.

2001ರಿಂದ 2009ರವರೆಗೆ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಧಾರವಾಡವೂ ಸೇರಿ ಐದು ಜಿಲ್ಲೆಗಳಿದ್ದವು. ಉಪಗ್ರಹ ಚಿತ್ರಗಳನ್ನು ಆಧರಿಸಿದ ನಕ್ಷೆಗಳು ಅದರಲ್ಲಿ ಹಳ್ಳಿಯವರೆಗೂ ಬಂದವು. ಇಂಥ ಬಣ್ಣದ ನಕ್ಷೆಯೊಂದನ್ನು ನಿಮ್ಮ ಪಂಚಾಯಿತಿಯಲ್ಲಿ ಹರಡಿ, ಇಂತಿಷ್ಟು ಟನ್ ಮಣ್ಣು ಹೋಗುತ್ತಿದೆ ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ. ಈ ಲೆಕ್ಕವನ್ನು ಯಾವ ಅಳತೆಯೊಂದಿಗೆ ಹೋಲಿಸಿದ್ದಾರೆ? ಹೊಂದಿಸಿದ ವರ್ಷಗಳೂ ಪರೀಕ್ಷಿಸಿದ ವರ್ಷಗಳೂ ಬೇರೆಯೇ? ದೊಡ್ಡ ಮಳೆಗಳನ್ನು ಪ್ರತ್ಯೇಕವಾಗಿ ನೋಡಿದ್ದಾರೆಯೇ?

ಎರಡು ಹೊಲಗಳಲ್ಲಿ ಯಾವುದಕ್ಕೆ ಮೊದಲು ಒಡ್ಡು ಬೇಕು ಎಂದು ತೂಗಿ ನೋಡಲು ಮಾದರಿ ಒಳ್ಳೆಯ ಸಾಧನ. ಆದರೆ ಒಂದು ಮಳೆಯಲ್ಲಿ ಒಂದು ಹೊಲದಿಂದ ಹೋಗುವ ಮಣ್ಣನ್ನು ಅದು ಕರಾರುವಾಕ್ಕಾಗಿ ಹೇಳಲಾರದು. ಸಣ್ಣ ಹಳ್ಳಗಳಲ್ಲಿ ಮಳೆ, ಹರಿವು, ಕೆಸರಿನ ಅಳತೆ ವರ್ಷವರ್ಷವೂ ನಡೆಯುತ್ತಿದ್ದರೆ ಮಾತ್ರ ಮುಂದಿನ ಮಾದರಿಗಳನ್ನು ಪರೀಕ್ಷಿಸಲು ನಮ್ಮಲ್ಲಿ ಏನಾದರೂ ಇರುತ್ತದೆ.