ಉತಾರದ ಮೇಲೆ ಎಷ್ಟು ಕೈ?

ಡೇಟಾಬೇಸ್ ನೋಡಿಕೊಳ್ಳುವವರಿಗೆ ಆಗಾಗ ಬರುವ ಫೋನ್ ಒಂದಿದೆ: ‘ನಿನ್ನೆವರೆಗೂ ಸರಿಯಾಗಿತ್ತು, ಇವತ್ತು ಪರ್ಮಿಷನ್ ಇಲ್ಲ ಅಂತಿದೆ.’ ಯೂಸರ್ ಅದೇ, ಪಾಸ್‌ವರ್ಡ್ ಅದೇ, ಟೇಬಲ್ ಕೂಡ ಅದೇ. ಹುಡುಕುತ್ತ ಹೋದರೆ ಯೂಸರ್‌ನ ತಪ್ಪೇನೂ ಇರೋದಿಲ್ಲ. ರಾತ್ರಿ ಇನ್ಯಾವುದೋ ಸಾಫ್ಟ್‌ವೇರ್ ಅಪ್‌ಡೇಟ್ ಆಗಿರುತ್ತೆ. ಅದು ತನ್ನ ಅನುಕೂಲಕ್ಕೆ ರೋಲ್ ಬದಲಿಸಿರುತ್ತೆ. ಅವಸರದಲ್ಲಿ ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಆ ಯೂಸರ್‌ಗೆ ಪೂರ್ತಿ ಅಡ್ಮಿನ್ ಹಕ್ಕು ಕೊಟ್ಟು ಕೈತೊಳೆದುಕೊಳ್ಳೋದು. ಅವತ್ತಿನ ಕೆಲಸ ಸಾಗುತ್ತೆ, ಕಾಯಿಲೆ ಒಳಗೇ ಉಳಿಯುತ್ತೆ.

ಇದು ಕಂಪ್ಯೂಟರ್ ತಂದ ಕಾಯಿಲೆ ಅಂತ ಅನ್ನಿಸಬಹುದು. ಹಾಗೇನಿಲ್ಲ. ನಮ್ಮಲ್ಲಿ ಕಂಪ್ಯೂಟರಿಗಿಂತ ನೂರಾರು ವರ್ಷ ಮೊದಲಿನಿಂದ ನಡೆದು ಬಂದ ಒಂದು ದೊಡ್ಡ ಡೇಟಾಬೇಸ್ ಇದೆ: ಜಮೀನಿನ ದಾಖಲೆ. ಅದರ ಇತಿಹಾಸ ಎಂದರೆ ಬಹುಮಟ್ಟಿಗೆ ‘ಇದರಲ್ಲಿ ಬರೆಯುವ ಹಕ್ಕು ಯಾರದು’ ಎಂಬ ಜಗಳದ ಇತಿಹಾಸ. ಆ ಜಗಳವನ್ನು ಪದರಪದರವಾಗಿ ನೋಡಬೇಕೆಂದರೆ ಬೆಳಗಾವಿ ಜಿಲ್ಲೆಯ ಅರಭಾವಿ ಸೀಮೆಗೆ ಬರಬೇಕು.

ಅರಭಾವಿ ಘಟಪ್ರಭೆಯ ಬಯಲಿನ ಊರು. ಬ್ರಿಟಿಷರ ಕಾಲದ ಧುಪದಾಳ ಒಡ್ಡು, ಆಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ, ಅವುಗಳ ಕಾಲುವೆ, ಕಾಲುವೆಯ ಹಿಂದೆ ಕಬ್ಬು. ನೀರು ಬಂದ ನೆಲಕ್ಕೆ ಬೆಲೆ ಬರುತ್ತೆ, ಬೆಲೆ ಬಂದ ನೆಲ ಅಣ್ಣತಮ್ಮಂದಿರ ನಡುವೆ ತುಂಡಾಗುತ್ತೆ. 1956ರವರೆಗೆ ಇದು ಮುಂಬೈ ಆಡಳಿತದ ನೆಲ. ಅದಕ್ಕೇ ಇಲ್ಲಿನ ದಾಖಲೆಯ ಭಾಷೆ ಬೇರೆ. ಬೆಂಗಳೂರಿನವರ ‘ಪಹಣಿ’ ಇಲ್ಲಿ ‘ಉತಾರ’. ಗ್ರಾಮ ಲೆಕ್ಕಿಗ ಇಲ್ಲಿ ‘ತಲಾಠಿ’. ಜಮೀನಿನ ಮೇಲಿನ ಬ್ಯಾಂಕ್ ಸಾಲ ‘ಬೋಜಾ’, ಪಾಲು ಅಂದರೆ ‘ವಾಟ್ನಿ’, ತೀರಿಕೊಂಡವರ ಹೆಸರು ತೆಗೆದು ಮಕ್ಕಳ ಹೆಸರು ಏರಿಸುವುದು ‘ವರಸಾ’. ಸರಕಾರ ಬದಲಾಗಿದೆ, ಸಾಫ್ಟ್‌ವೇರ್ ಬಂದಿದೆ, ಜನರ ಬಾಯಲ್ಲಿ ಮಾತ್ರ ಹಳೆಯ ಸಿಸ್ಟಮ್ಮೇ ಓಡುತ್ತಿದೆ.

ಆ ಹಳೆಯ ಸಿಸ್ಟಮ್ಮಿನ ಏಕೈಕ ಅಡ್ಮಿನ್ ಕುಲಕರ್ಣಿ. ಹುದ್ದೆ ವಂಶಪಾರಂಪರ್ಯ. ದಫ್ತರು ಇರುತ್ತಿದ್ದುದು ಅವನ ಮನೆಯಲ್ಲಿ, ಎಷ್ಟೋ ಕಾಗದ ಮೋಡಿ ಲಿಪಿಯಲ್ಲಿ. ಓದುವವನೂ ಅವನೇ, ಬರೆಯುವವನೂ ಅವನೇ, ಬರೆದದ್ದು ಸರಿ ಅಂತ ಹೇಳುವವನೂ ಬಹುಪಾಲು ಅವನೇ. ಒಳ್ಳೆಯವನಿದ್ದರೆ ಊರಿಗೆ ಅವನೇ ನೆನಪು, ಕೆಟ್ಟವನಿದ್ದರೆ ಹೇಳಲು ಬೇರೆ ಬಾಗಿಲೇ ಇಲ್ಲ. ‘ಎಲ್ಲರಿಗೂ ಅಡ್ಮಿನ್ ಹಕ್ಕು ಕೊಟ್ಟರೆ ತಪ್ಪೇನು’ ಅನ್ನುವವರು ಒಬ್ಬನಿಗೆ ಕೊಟ್ಟಾಗ ಏನಾಗುತ್ತಿತ್ತು ಎಂದು ಮೊದಲು ನೋಡಬೇಕು.

1830ರ ದಶಕದಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಮುಂಬೈ ಪ್ರಾಂತದಲ್ಲಿ ಹೊಸ ರೀತಿಯ ಸರ್ವೆ ಬೆಳೆಸಿದರು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರ್ ಬಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟೇಬಲ್ಲಿಗೆ ಪ್ರೈಮರಿ ಕೀ ಸಿಕ್ಕಿತು. ಆದರೆ ಆ ಸರ್ವೆ ಕೇಳಿದ ಪ್ರಶ್ನೆ ‘ಕಂದಾಯ ಕಟ್ಟುವವರು ಯಾರು’ ಎಂಬುದು. ‘ಹಕ್ಕು ಯಾರದು’ ಎಂಬ ಪ್ರಶ್ನೆಗೆ ಪ್ರತ್ಯೇಕ ಕಾಲಮ್ಮೇ ಇರಲಿಲ್ಲ. ಅದು ಬಂದದ್ದು 1903ರ ಮುಂಬೈ ಹಕ್ಕುದಾಖಲೆ ಕಾಯ್ದೆಯಿಂದ. 1913ರಲ್ಲಿ ಅದನ್ನು ಭೂಕಂದಾಯ ಸಂಹಿತೆಯೊಳಗೇ ಸೇರಿಸಿದರು.

ಆ ಕಾಯ್ದೆ ಬರೆದವರು ಇವತ್ತಿನ ಆರ್ಕಿಟೆಕ್ಟ್‌ಗಳಿಗೆ ಪಾಠ ಹೇಳಬಹುದು. ಊರಿನ ಲೆಕ್ಕಿಗ ಬದಲಾವಣೆಯನ್ನು ನೋಂದಣಿ ಪುಸ್ತಕದಲ್ಲಿ ಬರೆಯಬೇಕು, ಆದರೆ ಬರೆದಷ್ಟಕ್ಕೆ ಅದು ಪಕ್ಕಾ ಆಗೋದಿಲ್ಲ. ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕು. ಯಾರಾದರೂ ಆಕ್ಷೇಪಿಸಿದರೆ ಅದು ತಕರಾರು ಪುಸ್ತಕಕ್ಕೆ ಹೋಗಬೇಕು. ಕೊನೆಗೆ ಮಾಮಲೇದಾರರ ಮೊದಲ ಕಾರಕೂನರಿಗಿಂತ ಕೆಳಗಲ್ಲದ ಅಧಿಕಾರಿ ಪರಿಶೀಲಿಸಿ ಸಹಿ ಹಾಕಬೇಕು. ಬರೆಯುವ ಕೈ ಬೇರೆ, ಒಪ್ಪುವ ಕೈ ಬೇರೆ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿರುವ ಮೇಕರ್-ಚೆಕರ್ ವ್ಯವಸ್ಥೆ ಇದೇ. ತಕರಾರು ಅಂತೂ ಡೇಟಾಬೇಸಿನ ‘ಡಿನೈ’ ಇದ್ದಂತೆ: ಹತ್ತು ಕಡೆ ಅನುಮತಿ ಇದ್ದರೂ ಒಂದು ಕಡೆ ನಿರಾಕರಣೆ ಇದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತೆ.

ಇಷ್ಟು ಚೆಂದದ ವ್ಯವಸ್ಥೆಗೆ ಪಕ್ಕದಲ್ಲೇ ಇನ್ನೊಂದು ಸಾಫ್ಟ್‌ವೇರ್ ಓಡುತ್ತಿತ್ತು. ಅದು ನೋಂದಣಿ ಇಲಾಖೆ, ಅಂದರೆ ಸಬ್‌ರಜಿಸ್ಟ್ರಾರ್ ಕಚೇರಿ. 1908ರ ನೋಂದಣಿ ಕಾಯ್ದೆಯ ಕೆಲಸ ಪತ್ರವನ್ನು ದಾಖಲಿಸುವುದು. ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಎಂದು ತೀರ್ಪು ಕೊಡುವುದು ಆ ಕಚೇರಿಯ ಕೆಲಸವಾಗಿರಲಿಲ್ಲ. ಇತ್ತ ಮುಂಬೈ ಸಂಹಿತೆ ಏನು ಹೇಳಿತು? ಹಕ್ಕು ಪಡೆದವನು ಮೂರು ತಿಂಗಳೊಳಗೆ ಲೆಕ್ಕಿಗನಿಗೆ ತಿಳಿಸಬೇಕು, ಆದರೆ ನೋಂದಾಯಿತ ಪತ್ರದ ಮೂಲಕ ಪಡೆದವನು ತಿಳಿಸಬೇಕಾಗಿಲ್ಲ. ಒಂದು ಕಚೇರಿ ಇನ್ನೊಂದಕ್ಕೆ ವರದಿ ಕಳಿಸುತ್ತೆ ಎಂಬ ನಂಬಿಕೆಯ ಮೇಲೆ ಇದೆಲ್ಲ ನಿಂತಿತ್ತು. ವರದಿ ತಡವಾದರೆ ಒಂದೇ ಹೊಲಕ್ಕೆ ಎರಡು ಸತ್ಯ: ಖರೀದಿ ಪತ್ರದಲ್ಲಿ ಒಬ್ಬ, ಉತಾರದಲ್ಲಿ ಇನ್ನೊಬ್ಬ. ಈ ಸಂದಿಯಲ್ಲಿ ಎಷ್ಟು ಮನೆ ಕೋರ್ಟಿನ ಮೆಟ್ಟಿಲು ಹತ್ತಿದವು ಅನ್ನೋದು ಗೋಕಾಕದ ಯಾವ ವಕೀಲರನ್ನು ಕೇಳಿದರೂ ಗೊತ್ತಾಗುತ್ತೆ.

ಮುಂದೆ ಬರೆಯುವ ಕೈಗಳು ಬದಲಾದವು. 1950ರ ಕಾಯ್ದೆಯಿಂದ ಮುಂಬೈ ರಾಜ್ಯದಲ್ಲಿ ಕುಲಕರ್ಣಿ ವತನ ರದ್ದಾಯಿತು, ಸಂಬಳದ ತಲಾಠಿ ಬಂದ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಕಾಯ್ದೆ ಹಳೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಲ್ಲ ಪದ್ಧತಿಗಳನ್ನೂ ಒಂದೇ ಅಚ್ಚಿಗೆ ತಂದಿತು. ಅದರ 128ನೇ ಕಲಮು ಹಕ್ಕು ಪಡೆದವರ ವರದಿಯ ಬಗ್ಗೆ, 129 ಅದನ್ನು ಪುಸ್ತಕಕ್ಕೆ ಏರಿಸುವ ಬಗ್ಗೆ. ನೋಂದಣಿ ಅಧಿಕಾರಿ ಪತ್ರ ನೋಂದಾಯಿಸಿದ ಮೇಲೆ ಕಂದಾಯ ಇಲಾಖೆಗೆ ವರದಿ ಮಾಡಲೇಬೇಕು ಎಂಬುದೂ ಅಲ್ಲೇ ಇದೆ. 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಯೂ ಈ ಟೇಬಲ್ಲಿಗೆ ಬರೆಸುವ ಅಧಿಕಾರ ಪಡೆಯಿತು. ಗೇಣಿದಾರರಿಗೆ ಅದು ಬದುಕು ಕೊಟ್ಟ ಸಾಲು. ಹೀಗೆ ಪ್ರತಿ ಪೀಳಿಗೆಯಲ್ಲೂ ಪುಸ್ತಕ ಒಂದೇ, ಅದರ ಮೇಲಿನ ಕೈ ಮಾತ್ರ ಹೆಚ್ಚುತ್ತ ಹೋದವು.

2000ದ ಸುಮಾರಿಗೆ ‘ಭೂಮಿ’ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳ್ತನ, ಎನ್‌ಐಸಿಯ ಸಾಫ್ಟ್‌ವೇರ್. ಆಗಿನ 177 ತಾಲೂಕುಗಳ, ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಗಣಕೀಕರಣ ಮುಗಿದ ಕಡೆ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಹೋಯಿತು. ಆಗ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಸಿಗುತ್ತಿತ್ತು. ಪರ್ಮಿಷನ್ ಬಗ್ಗೆ ಯೋಚಿಸುವವರು ಗಮನಿಸಬೇಕಾದ ಸಂಗತಿ ಎರಡು. ಒಂದು, ಸಿಬ್ಬಂದಿಯ ಲಾಗಿನ್‌ಗೆ ಪಾಸ್‌ವರ್ಡ್ ಸಾಲದೆಂದು ಬೆರಳಚ್ಚು ಇಟ್ಟರು. ಪಾಸ್‌ವರ್ಡ್ ಅನ್ನು ಚೀಟಿಯಲ್ಲಿ ಬರೆದು ಕೊಡಬಹುದು, ಬೆರಳನ್ನು ಕೊಡಲಾಗದಲ್ಲ. ಎರಡು, ಅರ್ಜಿಗಳಿಗೆ ಸರದಿ ನಿಯಮ: ಮೊದಲು ಬಂದದ್ದು ಮೊದಲು ಹೋಗಬೇಕು. ‘ಸಾಹೇಬ್ರ, ನಮ್ದೊಂದು ಮುಂದ ಮಾಡ್ರಿ’ ಅನ್ನುವ ದಾರಿಯನ್ನು ಸಾಫ್ಟ್‌ವೇರೇ ಮುಚ್ಚಿತು.

ಕುಲಕರ್ಣಿಯ ಮನೆಯಿಂದ ಹೊರಟ ದಫ್ತರು ತಾಲೂಕಿನ ಸರ್ವರಿಗೆ ಬಂತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪಕ್ಕದ ಇಲಾಖೆಗಳಿಗೂ ಕಂಪ್ಯೂಟರ್ ಬಂತಲ್ಲ! ನೋಂದಣಿ ಇಲಾಖೆಗೆ ‘ಕಾವೇರಿ’, ಸರ್ವೆ ಇಲಾಖೆಗೆ ‘ಮೋಜಿಣಿ’, ಆಮೇಲೆ ಬ್ಯಾಂಕುಗಳ ಜೋಡಣೆ. 1913ರಲ್ಲಿ ಟಪಾಲಿನಲ್ಲಿ ಹೋಗುತ್ತಿದ್ದ ವರದಿ ಈಗ ಒಂದು ಸಿಸ್ಟಮ್ಮಿನಿಂದ ಇನ್ನೊಂದಕ್ಕೆ ಹೋಗುವ ಸಂದೇಶವಾಯಿತು. ಜಗಳದ ಸ್ವರೂಪ ಅದೇ, ವೇಗ ಮಾತ್ರ ಬೇರೆ.

ಹೇಗೆ ಅಂತ ನೋಡಿ. ಅರಭಾವಿಯ ಕಡೆ ಒಬ್ಬರು ಎರಡು ಎಕರೆ ಕಾಲುವೆ ನೆಲ ಕೊಳ್ಳುತ್ತಾರೆ ಅಂದುಕೊಳ್ಳಿ. ದೊಡ್ಡ ಸರ್ವೆ ನಂಬರಿನ ಒಂದು ತುಂಡು ಮಾರಬೇಕಾದರೆ ಸರ್ವೆಯವರ 11ಇ ನಕ್ಷೆ ಬೇಕು, ಅದು ಮೋಜಿಣಿಯಿಂದ. ಪತ್ರ ಕಾವೇರಿಯಲ್ಲಿ. ಹೆಸರು ಬದಲಾಗಬೇಕಾದ್ದು ಭೂಮಿಯಲ್ಲಿ. ತಿಂಗಳು ಕಳೆದರೂ ಉತಾರದಲ್ಲಿ ಹೆಸರಿಲ್ಲ. ತಲಾಠಿ ಅಂತಾರೆ: ‘ನನ್ನ ಲಾಗಿನ್‌ದಾಗ ಬಂದೇ ಇಲ್ರಿ.’ ನೋಂದಣಿಯವರು ಅಂತಾರೆ: ‘ನಾವು ಅವತ್ತೇ ಕಳಸೇವ್ರಿ.’ ಸರ್ವೆಯವರು ಅಂತಾರೆ: ‘ನಕ್ಷೆ ಆಗೇತ್ರಿ, ಹಿಸ್ಸಾ ನಂಬರ್ ಬಿದ್ದಿಲ್ಲ.’ ಮೂವರೂ ಸುಳ್ಳು ಹೇಳುತ್ತಿಲ್ಲ. ಅದೇ ಸರ್ವೆ ನಂಬರಿನ ಮೇಲೆ ಅಣ್ಣತಮ್ಮಂದಿರ ವಾಟ್ನಿಯ ಹಳೆಯ ಅರ್ಜಿಯೊಂದು ಬಾಕಿ ಇದ್ದರೆ ಹೊಸದು ಅದರ ಹಿಂದೆ ಕಾಯುತ್ತೆ. ಬ್ಯಾಂಕಿನ ಬೋಜಾ ತೀರಿದರೂ ತೆಗೆಸದೆ ಬಿಟ್ಟಿದ್ದರೆ ಅದೂ ಅಡ್ಡ. ಒಂದು ಕಡೆ ‘ಬಸಪ್ಪ’ ಇನ್ನೊಂದು ಕಡೆ ‘ಬಸವರಾಜ’ ಅಂತಿದ್ದರೆ ಯಂತ್ರಕ್ಕೆ ಇಬ್ಬರೂ ಬೇರೆಯೇ. ಊರಿಗೆಲ್ಲ ಗೊತ್ತು ಅವರಿಬ್ಬರೂ ಒಬ್ಬನೇ ಅಂತ, ಆದರೆ ಊರಿಗೆ ಲಾಗಿನ್ ಇಲ್ಲ.

ಇಲ್ಲಿ ತಲಾಠಿಗೆ ಎಷ್ಟು ಹಕ್ಕು ಹೆಚ್ಚಿಸಿದರೂ ಪ್ರಯೋಜನವಿಲ್ಲ. ತೊಂದರೆ ಅವರ ಹಕ್ಕಿನದಲ್ಲ, ಆ ಸಾಲನ್ನು ಇನ್ಯಾರೋ ಹಿಡಿದುಕೊಂಡಿದ್ದಾರೆ. ಹಿಡಿದವರು ಯಾರು, ಯಾವ ಬಾಗಿಲಿನಿಂದ ಬಂದರು, ಯಾವಾಗ ಬಂದರು? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಗಡಿ ಬದಲಾದಾಗಲೂ ಇದೇ ಪಾಡು. 2018ರ ಸುಮಾರಿಗೆ ಗೋಕಾಕ ತಾಲೂಕು ಒಡೆದು ಮೂಡಲಗಿ ಹೊಸ ತಾಲೂಕಾಯಿತು. ಹೊಲ ಇಂಚೂ ಕದಲಲಿಲ್ಲ, ಬದು ಅಲ್ಲೇ, ಕಾಲುವೆ ಅಲ್ಲೇ. ಆದರೆ ಉತಾರದ ತಲೆಬರಹದಲ್ಲಿ ತಾಲೂಕಿನ ಹೆಸರು ಬದಲಾಗಬೇಕು, ಒಪ್ಪಿಗೆ ಕೊಡುವ ತಹಶೀಲ್ದಾರರು ಬದಲಾಗಬೇಕು, ಹಳೆಯ ತಾಲೂಕಿನಲ್ಲಿ ಬಾಕಿ ಉಳಿದ ಅರ್ಜಿಗಳಿಗೆ ಹೊಸ ದಿಕ್ಕು ಬೇಕು. ಡೇಟಾ ಸಾಗಿಸಿ ಪರ್ಮಿಷನ್ ಸಾಗಿಸೋದು ಮರೆತರೆ ಏನಾಗುತ್ತೆ ಅಂತ ಸರ್ವರ್ ಬದಲಿಸಿದವರಿಗೆಲ್ಲ ಗೊತ್ತು.

ಇನ್ನೊಂದು ಕಡೆ 11ನೇ ಕಾಲಂ. ಉತಾರದ 9ನೇ ಕಾಲಂ ಕಬ್ಜೆದಾರರ ಹೆಸರಿಗೆ, 11ನೆಯದು ಇತರ ಹಕ್ಕು ಮತ್ತು ಋಣಗಳಿಗೆ. ಬೋಜಾ, ಕೋರ್ಟಿನ ತಡೆ, ಸರಕಾರದ ಷರತ್ತು ಎಲ್ಲ ಇಲ್ಲೇ ಬಂದು ಕೂರುತ್ತವೆ. 2024ರ ಕೊನೆಯಲ್ಲಿ ವಿಜಯಪುರ ಜಿಲ್ಲೆಯಲ್ಲಿ ವಕ್ಫ್ ಹೆಸರು ಈ ಕಾಲಮ್ಮಿನಲ್ಲಿ ಬಂದದ್ದು ರಾಜ್ಯದಾದ್ಯಂತ ದೊಡ್ಡ ಗದ್ದಲವಾಯಿತು. ನೋಟಿಸು ಹಿಂಪಡೆಯುವಂತೆ ಸರಕಾರ ಹೇಳಬೇಕಾಯಿತು. ಯಾರ ವಾದ ಸರಿ ಎಂಬುದು ಬೇರೆ ಚರ್ಚೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟೇ: ತನ್ನ ಸಾಲಿನಲ್ಲಿ ಇನ್ನೊಬ್ಬರು ಬರೆದದ್ದು ಸಾಲಿನ ಯಜಮಾನನಿಗೆ ಮೊದಲು ತಿಳಿಯಬೇಕು. 1913ರ ನೋಟಿಸಿನ ನಿಯಮ ಇದ್ದದ್ದೇ ಅದಕ್ಕೆ. ಬರೆಯುವ ಹಕ್ಕಿನಷ್ಟೇ ಮುಖ್ಯ, ಬರೆದದ್ದು ಗೊತ್ತಾಗುವ ಹಕ್ಕು.

ಎಸ್‌ಕ್ಯೂಎಲ್ ಸರ್ವರ್ ಬಳಸಿದವರಿಗೆ ‘ಅನಾಥ ಯೂಸರ್’ ಗೊತ್ತಿರುತ್ತೆ. ಡೇಟಾಬೇಸಿನೊಳಗೆ ಹೆಸರಿದೆ, ಹಕ್ಕುಗಳೂ ಇವೆ, ಆದರೆ ಒಳಗೆ ಬರಬೇಕಾದ ಲಾಗಿನ್ನೇ ಇಲ್ಲ. ನಮ್ಮ ಹಳ್ಳಿಗಳ ಉತಾರದಲ್ಲಿ ಇಂಥ ಅನಾಥ ಯೂಸರ್‌ಗಳು ಲೆಕ್ಕವಿಲ್ಲದಷ್ಟು: ಎಂದೋ ತೀರಿಹೋದ ಅಜ್ಜಂದಿರು. ವರಸಾ ಆಗಿಲ್ಲ. ಮಗ ನಗರ ಸೇರಿದ, ಮೊಮ್ಮಗಳು ಬೆಂಗಳೂರಿನಲ್ಲಿ ಟೀಮ್ ಲೀಡ್. ಊರಲ್ಲಿ ಉಳಿದ ಚಿಕ್ಕಪ್ಪ ಅದೇ ನೆಲದಲ್ಲಿ ದುಡಿಯುತ್ತಾರೆ, ಆದರೆ ಅವರ ಹೆಸರಿನಲ್ಲಿ ಬೆಳೆ ಸಾಲ ಹುಟ್ಟೋದಿಲ್ಲ, ಪರಿಹಾರ ಬಂದರೆ ಯಾರ ಖಾತೆಗೆ ಅನ್ನೋ ಪ್ರಶ್ನೆ ಏಳುತ್ತೆ. ಆಫೀಸಿನಲ್ಲಿ ಪರ್ಮಿಷನ್ ಎರರ್ ಬಂದರೆ ಒಂದು ರಿಪೋರ್ಟ್ ತಡವಾಗುತ್ತೆ. ಇಲ್ಲಿ ಒಂದು ಹಂಗಾಮೇ ಹೋಗುತ್ತೆ.

ಕುಲಕರ್ಣಿಯಿಂದ ಕಾವೇರಿಯವರೆಗಿನ ಈ ಕಥೆ ನನಗೆ ಕಲಿಸಿದ್ದು ಒಂದೇ. ಹಕ್ಕು ಹೆಚ್ಚಿಸಿ ತೊಂದರೆ ಮುಚ್ಚಿದ ಕಡೆಯೆಲ್ಲ ಅದು ಮತ್ತೆ ಎದ್ದಿದೆ. ಬರೆಯುವವರು, ಒಪ್ಪುವವರು, ತಿಳಿಯಬೇಕಾದವರು ಎಂದು ಕೈಗಳನ್ನು ಬೇರೆ ಮಾಡಿದ ಕಡೆ ಮಾತ್ರ ಸ್ವಲ್ಪ ನಿಂತಿದೆ. ಎರಡು ಸಿಸ್ಟಮ್ ಒಂದೇ ಸಾಲಿಗೆ ಬರೆಯುವಾಗ ಕೊನೆಯ ಮಾತು ಯಾರದು ಅನ್ನೋದನ್ನು ಜೋಡಿಸುವ ಮೊದಲೇ ತೀರ್ಮಾನಿಸಬೇಕು. ಆಮೇಲೆ ತೀರ್ಮಾನಿಸಲು ಹೋದರೆ ಕೋರ್ಟೇ ತೀರ್ಮಾನಿಸುತ್ತೆ, ಅದೂ ಮೊಮ್ಮಕ್ಕಳ ಕಾಲಕ್ಕೆ.

ಅದಕ್ಕೇ ಒಂದು ಕೆಲಸ ಮಾಡಿ. ನಿಮ್ಮ ಊರಿನ ಸರ್ವೆ ನಂಬರ್ ಅಪ್ಪನನ್ನೋ ಚಿಕ್ಕಪ್ಪನನ್ನೋ ಕೇಳಿ, ಉತಾರ ತೆಗೆದು 9ನೇ ಕಾಲಂ ಮತ್ತು 11ನೇ ಕಾಲಂ ಓದಿ. ಅಲ್ಲಿ ಅಜ್ಜನ ಹೆಸರೇ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಎರಡು ದಿನ ಹೆಚ್ಚಿಗೆ ರಜೆ ಹಾಕಿ ವರಸಾ ಮುಗಿಸಿಯೇ ಬನ್ನಿ.