ಕೊಟ್ಟದ್ದು, ಬಿಟ್ಟದ್ದು, ನೀಡಿದ್ದು

ಆಂಗ್ಲ ಭಾಷೆಯ ಮೊದಲನೆಯ ಪಾಠಗಳಲ್ಲಿಯೇ ನಮ್ಮ ಬಾಲಕರು ಕಲಿಯುವ ಕ್ರಿಯಾಪದಗಳಲ್ಲಿ 'ಗಿವ್' ಎಂಬುದೊಂದು. ಅದಕ್ಕೆ 'ಕೊಡು' ಎಂದು ಅರ್ಥ ಬರೆಯಿಸಿ ಉಪಾಧ್ಯಾಯರು ಮುಂದಿನ ಶಬ್ದಕ್ಕೆ ಸಾಗುವರು. ಬಾಲಪಾಠಕ್ಕೆ ಅಷ್ಟು ಸಾಕು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯಲ್ಲಿ ಒಬ್ಬನು ಮತ್ತೊಬ್ಬನಿಗೆ ಏನನ್ನಾದರೂ ಕೊಟ್ಟ ಸಂಗತಿಯನ್ನು ಹೇಳುವಾಗ ನಮ್ಮ ಹಿರಿಯರು ಒಂದೇ ಶಬ್ದದಿಂದ ತೃಪ್ತರಾಗುತ್ತಿರಲಿಲ್ಲ. ಅವರ ಶಬ್ದಭೇದವು ಕೇವಲ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಹೊಲಮನೆಗಳ ಹಕ್ಕು ಅನೇಕ ವೇಳೆ ಅದರ ಮೇಲೆಯೇ ನಿಂತಿತ್ತು. ಆದುದರಿಂದ ಈ ವಿಷಯವನ್ನು ಇತಿಹಾಸದೃಷ್ಟಿಯಿಂದ ಕಿಂಚಿತ್ ಪರಿಶೀಲಿಸುವುದು ಅಪ್ರಸ್ತುತವಾಗದೆಂದು ನಂಬುತ್ತೇನೆ.

ಮೊದಲು ಸಂಸ್ಕೃತದ ಕಡೆಗೆ ನೋಡೋಣ. ಅಮರಸಿಂಹನು ತನ್ನ ಕೋಶದ ಬ್ರಹ್ಮವರ್ಗದಲ್ಲಿ ದಾನಕ್ಕೆ ತ್ಯಾಗ, ಉತ್ಸರ್ಜನ, ವಿತರಣ, ಪ್ರತಿಪಾದನ ಮೊದಲಾದ ಅನೇಕ ಪರ್ಯಾಯಗಳನ್ನು ಹೇಳಿದ್ದಾನೆ. ಆದರೆ ಪರ್ಯಾಯಗಳ ಪಟ್ಟಿಗಿಂತ ವೈಯಾಕರಣರ ವಿಚಾರವು ಹೆಚ್ಚು ಸೂಕ್ಷ್ಮವಾದದ್ದು. ಪಾಣಿನಿಯ ವ್ಯಾಕರಣದಲ್ಲಿ ಯಾರಿಗೆ ಕೊಡುವರೋ ಅವನಿಗೆ 'ಸಂಪ್ರದಾನ'ವೆಂದು ಹೆಸರು. ಅಲ್ಲಿ ಚತುರ್ಥೀ ವಿಭಕ್ತಿಯು ಬರುವುದು. ಬ್ರಾಹ್ಮಣನಿಗೆ ಗೋವನ್ನು ಕೊಟ್ಟರೆ ಚತುರ್ಥಿ ಸರಿ. ಆದರೆ ಅಗಸನಿಗೆ ಬಟ್ಟೆಯನ್ನು ಕೊಟ್ಟರೆ? ಅಲ್ಲಿ ಷಷ್ಠಿಯನ್ನೇ ಹೇಳಬೇಕೆಂದು ವ್ಯಾಖ್ಯಾನಕಾರರ ಮತ. ಏಕೆಂದರೆ ಬಟ್ಟೆಯು ತಿರುಗಿ ಬರತಕ್ಕದ್ದು, ಒಡೆತನವು ಅಗಸನಿಗೆ ಹೋಗಲಿಲ್ಲ. ತನ್ನ ಸ್ವತ್ವವು ನಿವೃತ್ತಿಯಾಗಿ ಪರರ ಸ್ವತ್ವವು ಉಂಟಾದರೆ ಮಾತ್ರ ಅದು ದಾನವೆಂದು ಧರ್ಮಶಾಸ್ತ್ರಜ್ಞರೂ ಹೇಳುವರು. ನಮ್ಮ ಹಳ್ಳಿಯ ಅವ್ವಂದಿರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರು ಅಗಸನಿಗೆ ಅರಿವೆ 'ಹಾಕಿದೆ' ಎನ್ನುವರು, ಮಗಳಿಗೆ ಸೀರೆ 'ಕೊಟ್ಟೆ' ಎನ್ನುವರು. ವಿಭಕ್ತಿಯಿಂದ ಅಲ್ಲಿ ಸಾಧಿಸಿದ ಭೇದವನ್ನು ಇಲ್ಲಿ ಧಾತುವಿನಿಂದಲೇ ಸಾಧಿಸಿದ್ದಾರೆ.

ದ್ರಾವಿಡ ಭಾಷೆಗಳಲ್ಲಿ ಈ ಭೇದವು ಬಹು ಪುರಾತನವಾದದ್ದು. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯವು 'ಈ', 'ತಾ', 'ಕೊಡು' ಎಂಬ ಮೂರು ಬೇಡಿಕೆಯ ಮಾತುಗಳನ್ನು ಹೇಳಿ, ಕಿರಿಯನು ಹಿರಿಯನನ್ನು ಬೇಡುವಾಗ 'ಈ' ಎಂದೂ, ಸಮಾನರಲ್ಲಿ 'ತಾ' ಎಂದೂ, ಹಿರಿಯನು ಕಿರಿಯನನ್ನು ಕೇಳುವಾಗ 'ಕೊಡು' ಎಂದೂ ವ್ಯವಸ್ಥೆ ಮಾಡಿರುವುದು. ಈ ಮೂರೂ ಧಾತುಗಳು ಕನ್ನಡಕ್ಕೂ ಬಂದವು. ಆದರೆ ಇಲ್ಲಿ ಅವುಗಳ ಹಾದಿಯು ಬೇರೆಯಾಯಿತು. 'ಈ' ಎಂಬುದು 'ಈವನು', 'ಇತ್ತನು' ಎಂದು ಕಾವ್ಯದಲ್ಲಿ ಉಳಿದು ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಯಿತು. 'ತರು' ಎಂಬುದು ಹೊತ್ತು ತರುವ ಅರ್ಥದಲ್ಲಿ ನೆಲೆಗೊಂಡಿತು. ಹಳಗನ್ನಡದ 'ಕುಡು' ಎಂಬುದು 'ಕೊಡು' ಆಗಿ ಎಲ್ಲರ ಬಾಯಲ್ಲಿಯೂ ನಿಂತಿತು.

ಹಾಗಾದರೆ ಕನ್ನಡಿಗರು ತಾರತಮ್ಯವನ್ನು ಕಳೆದುಕೊಂಡರೇ? ಇಲ್ಲ. ಈ ಸೀಮೆಯ ಮನೆಮಾತನ್ನು ಗಮನಿಸಿರಿ. ದನಕ್ಕೆ ಮೇವು ಹಾಕುವರು, ಉಣ್ಣುವವರಿಗೆ ನೀಡುವರು, ದೇವರಿಗೆ ಎಡೆ ಹಿಡಿಯುವರು, ಸಾಹುಕಾರನಿಗೆ ರೊಕ್ಕ ಮುಟ್ಟಿಸುವರು, ಸರಕಾರಕ್ಕೆ ಅರ್ಜಿಯನ್ನು ಸಲ್ಲಿಸುವರು, ಇಟ್ಟುಕೊಂಡಿದ್ದ ಪರರ ವಸ್ತುವನ್ನು ಒಪ್ಪಿಸುವರು. 'ನೀಡು' ಎಂದರೆ ಮೂಲದಲ್ಲಿ ಕೈಯನ್ನು ಮುಂದೆ ಚಾಚುವುದು. ಆದುದರಿಂದ ಎಲೆಯ ಮುಂದೆ ಬಾಗಿ ರೊಟ್ಟಿಯನ್ನಿಡುವ ಕೈಗೆ ಅದು ಯುಕ್ತವಾದ ಮಾತು. ಇದೇ ಊರುಗಳ ಮರಾಠಿ ಮನೆಗಳಲ್ಲಿಯೂ ಉಣ್ಣಲಿಕ್ಕೆ ನೀಡುವುದಕ್ಕೆ 'ದೇಣೆ' ಎನ್ನದೆ 'ವಾಢಣೆ' ಎಂಬ ಬೇರೆ ಶಬ್ದವಿರುವುದು. ಅನ್ನದ ವಿಷಯದಲ್ಲಿ ಎರಡು ಭಾಷೆಗಳ ಮನಸ್ಸು ಒಂದೇ ಎಂಬುದು ಇದರಿಂದ ವ್ಯಕ್ತವಾಗುವುದು.

ಇನ್ನು ಶಾಸನಗಳ ಮಾತು. ಕ್ರಿಸ್ತಶಕ 12ನೆಯ ಶತಮಾನದಲ್ಲಿ ಈ ಭಾಗವು ಸವದತ್ತಿಯ ರಟ್ಟರಿಗೂ ಕೊಲ್ಲಾಪುರದ ಶಿಲಾಹಾರರಿಗೂ ನಡುವಿನ ಸೀಮೆಯಾಗಿತ್ತು. ಚಿಕ್ಕೋಡಿ ತಾಲೂಕಿನ ಯಕ್ಸಂಬೆಯಲ್ಲಿ ಶಿಲಾಹಾರ ವಿಜಯಾದಿತ್ಯನ ಸೇನಾಪತಿಯಾದ ಕಾಲಣನು ನೇಮಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯು 1165ರ ಶಾಸನದಿಂದ ತಿಳಿದುಬರುವುದು. ನೆರೆಯ ಕಲ್ಲೋಳಿಯಲ್ಲಿ ರಟ್ಟ ನಾಲ್ವಡಿ ಕಾರ್ತವೀರ್ಯನ ಕಾಲದ 1204ರ ಶಾಸನವಿದೆ. ಆ ಯುಗದ ದತ್ತಿಶಾಸನಗಳನ್ನು ಓದುವವರಿಗೆ ಪದೇ ಪದೇ ಎದುರಾಗುವ ಕ್ರಿಯಾಪದವು 'ಬಿಟ್ಟ' ಎಂಬುದು. ಆಚಾರ್ಯರ ಕಾಲನ್ನು ತೊಳೆದು, ಧಾರೆಯೆರೆದು, ಸರ್ವನಮಸ್ಯವಾಗಿ ಅರಸನು ಭೂಮಿಯನ್ನು 'ಬಿಟ್ಟನು'. 'ಕೊಟ್ಟ' ಎಂಬುದೂ ಅಲ್ಲಿ ಬಾರದೆ ಇಲ್ಲ. ಆದರೆ 'ಬಿಡು' ಎಂಬುದರಲ್ಲಿ ಒಂದು ವಿಶೇಷವಿದೆ. ಕೊಡುವವನು ವಸ್ತುವನ್ನು ಪಡೆಯುವವನ ಕಡೆಗೆ ಸಾಗಿಸುವನು. ಬಿಡುವವನು ತನ್ನ ಹಿಡಿತವನ್ನೇ ಸಡಿಲಿಸುವನು. ಅನೇಕ ದತ್ತಿಗಳಲ್ಲಿ ಅರಸನು ತನಗೆ ಬರತಕ್ಕ ತೆರಿಗೆಯನ್ನು, ಸುಂಕವನ್ನು ತೊರೆದನೇ ಹೊರತು ನೆಲವನ್ನು ಎತ್ತಿ ಕೊಟ್ಟದ್ದಲ್ಲ. ಅಂಥಲ್ಲಿ 'ಬಿಟ್ಟ' ಎಂಬುದೇ ಯಥಾರ್ಥವಾದ ಮಾತು. ಮಗಳನ್ನು ಮಾತ್ರ ಧಾರೆಯೆರೆದು 'ಕೊಟ್ಟೆವು' ಎನ್ನುವರಲ್ಲದೆ 'ಬಿಟ್ಟೆವು' ಎನ್ನುವುದಿಲ್ಲ. 'ಬಿಟ್ಟ ಹೆಣ್ಣು' ಎಂದರೆ ಅರ್ಥವೇ ಬೇರೆಯಾಗುವುದು. ಹೀಗೆ ಒಂದೇ ಧಾರೆಯ ನೀರಿನ ಕೆಳಗೆ ಎರಡು ಕ್ರಿಯೆಗಳನ್ನು ನಮ್ಮ ಭಾಷೆಯು ಬೇರೆಬೇರೆಯಾಗಿ ಕಾದಿರಿಸಿದೆ.

ಕೊಟ್ಟ ವಸ್ತುವಿಗೂ ಹೆಸರುಗಳು ಹಲವು. ಅನುಭವಿಸಿ ಉಣ್ಣಲಿಕ್ಕೆ ಬಿಟ್ಟದ್ದು ಉಂಬಳಿ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗಿ. ದೇವರಿಗೂ ಧರ್ಮಕ್ಕೂ ಬಿಟ್ಟದ್ದು ದತ್ತಿ. ವಿಜಾಪುರದ ಆದಿಲಶಾಹಿಯೂ ಬಳಿಕ ಮರಾಠರ ಆಳಿಕೆಯೂ ಬಂದಾಗ ಅರಬ್ಬಿ, ಪಾರಸಿಗಳಿಂದ ಇನಾಮು, ವತನ, ಜಹಗೀರು, ಬಕ್ಷೀಸು ಎಂಬ ಮಾತುಗಳು ಸೇರಿದವು. ವತನವು ಊರ ಚಾಕರಿಗೆ ಕಟ್ಟಿದ್ದು. ಇನಾಮು ಮೆಚ್ಚಿಗೆಯಿಂದಲೋ ಧರ್ಮಬುದ್ಧಿಯಿಂದಲೋ ಬಂದದ್ದು. ಒಬ್ಬನು ತನ್ನ ಸ್ವಂತದ್ದನ್ನು ಪ್ರೀತಿಯಿಂದ ಬರೆದುಕೊಟ್ಟರೆ ಅದು ಬಕ್ಷೀಸ ಪತ್ರ.

ಆಂಗ್ಲರ ಆಳಿಕೆ ಬಂದ ಮೇಲೆ ಈ ಭೇದಗಳ ಬೆಲೆಯು ಎಲ್ಲರಿಗೂ ತಿಳಿಯಿತು. ಪೇಶವೆಯೊಡನೆ 1817ರಲ್ಲಿ ನಡೆದ ಯುದ್ಧದಲ್ಲಿ ತಮ್ಮ ಪಕ್ಷವಹಿಸಿದ್ದಕ್ಕಾಗಿ ಕುಂಪಣಿಯವರು ಚಿಕ್ಕೋಡಿ, ಮನೋಳಿ ಪ್ರಾಂತಗಳನ್ನು ಕೊಲ್ಲಾಪುರದ ಅರಸರಿಗೆ ಕೊಟ್ಟರು. 1827ರ ಒಪ್ಪಂದದಿಂದ ಅವನ್ನೇ ತಿರುಗಿ ತೆಗೆದುಕೊಂಡರು. ಕೊಟ್ಟದ್ದು ನಿಜ, ಬಿಟ್ಟದ್ದಲ್ಲ! ನಿಪ್ಪಾಣಿಯ ಅಪ್ಪಾ ದೇಸಾಯಿಯವರು 1839ರಲ್ಲಿ ತೀರಿಕೊಂಡ ಬಳಿಕ ಆ ಸಂಸ್ಥಾನವೂ ಕುಂಪಣಿಯ ವಶವಾಯಿತು. 1852ರ ಕಾಯಿದೆಯಿಂದ ಬಲಗೊಂಡ ಇನಾಮು ಕಮಿಶನ್ನಿನವರು ಮನೆಮನೆಯ ಸನದುಗಳನ್ನು ಕೇಳಿದರು. ಕೊಟ್ಟವನು ಯಾರು? ಕೊಡಲು ಅವನಿಗೆ ಅಧಿಕಾರವಿತ್ತೇ? ಜೀವಮಾನಕ್ಕೋ, ವಂಶಪಾರಂಪರ್ಯಕ್ಕೋ? ಚಾಕರಿಗಾಗಿಯೋ, ಧರ್ಮಕ್ಕಾಗಿಯೋ? ಈ ಪ್ರಶ್ನೆಗಳಿಗೆ ಉತ್ತರವು 'ಗಿವ್' ಎಂಬ ಒಂಟಿ ಶಬ್ದದಲ್ಲಿ ದೊರೆಯುವಂತಿರಲಿಲ್ಲ. ಸನದಿನ ಒಂದೊಂದು ಮಾತಿನ ಅರ್ಥದಲ್ಲಿ ಹುಡುಕಬೇಕಾಗಿತ್ತು. ಈ ವಿಚಾರಣೆಯಿಂದ ಜನರಲ್ಲಿ ಹುಟ್ಟಿದ ಅಸಮಾಧಾನವು ಬಹಳ. ಕೊನೆಗೆ 1863ರ ಕಾಯಿದೆಗಳಿಂದ, ಗೊತ್ತುಪಡಿಸಿದ ಹಣವನ್ನು ತೆತ್ತವರ ಇನಾಮುಗಳನ್ನು ಖಾಯಂಗೊಳಿಸಲಾಯಿತು.

ಸ್ವರಾಜ್ಯ ಬಂದ ಮೇಲೆ ಪ್ರಶ್ನೆಯು ತಿರುಗಿತು. ಕೊಲ್ಲಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ರಾಯಬಾಗವೂ ಅದರೊಡನೆ ಬಂದಿತು. 1952ರ ಮುಂಬಯಿ ಕಾಯಿದೆಯು ವೈಯಕ್ತಿಕ ಇನಾಮುಗಳನ್ನು ರದ್ದುಗೊಳಿಸಿತು. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿಯು 1974ರ ಮಾರ್ಚ 1ರಿಂದ ಜಾರಿಗೆ ಬಂದಾಗ ಒಡೆಯನು 'ಲಾವಣಿಗೆ ಕೊಟ್ಟ' ಹೊಲವು ಸರಕಾರಕ್ಕೆ ಸೇರಿ, ಉಳುವವನು ಅದಕ್ಕೆ ಹಕ್ಕುದಾರನಾಗಬಹುದಾಯಿತು. ಲಾವಣಿಗೆ ಕೊಟ್ಟದ್ದೇ ಅಲ್ಲ, ಸ್ವಂತ ಸಾಗುವಳಿಗಾಗಿ ಆಳನ್ನಿಟ್ಟದ್ದೆಂದು ಒಬ್ಬನು. ತಲೆಮಾರಿನಿಂದ ಉಳುತ್ತ ಬಂದಿದ್ದೇನೆಂದು ಮತ್ತೊಬ್ಬನು. ಅಗಸನ ಬಟ್ಟೆಯ ಮೇಲೆ ವೈಯಾಕರಣರು ನಡೆಸಿದ ಚರ್ಚೆಯು ನ್ಯಾಯಮಂಡಳಿಯ ಮುಂದೆ ಹೊಲದ ಮೇಲೆ ನಡೆಯಿತೆನ್ನಬಹುದು.

ಕಿಟ್ಟೆಲ್ ಮಹಾಶಯರು 1894ರಲ್ಲಿ ಪ್ರಕಟಿಸಿದ ಕೋಶವೂ, 1995ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡ ಸಾಹಿತ್ಯ ಪರಿಷತ್ತಿನ ನಿಘಂಟುವೂ ಈ ಶಬ್ದಗಳನ್ನು ರಕ್ಷಿಸಿವೆ. ಆದರೆ ಕೋಶದಲ್ಲಿ ಉಳಿದ ಮಾತು ಕಣಜದಲ್ಲಿಟ್ಟ ಬೀಜದಂತೆ. ಬಿತ್ತಿದರೆ ಮಾತ್ರ ಬೆಳೆ. ಈಗ ಮಕ್ಕಳು ಉಣ್ಣುವವರಿಗೂ ಕೊಡುವರು, ದನಕ್ಕೂ ಕೊಡುವರು, ದೇವರಿಗೂ ಕೊಡುವರು. ಇದರಿಂದ ನಷ್ಟವಾಗುವುದು ಒಂದೆರಡು ಶಬ್ದಗಳಲ್ಲ; ಯಾರಿಗೆ ಬಾಗಬೇಕು, ಯಾವುದು ತಿರುಗಿ ಬರತಕ್ಕದ್ದು, ಯಾವುದರ ಮೇಲಿನ ಆಸೆಯನ್ನು ತೊರೆಯಬೇಕು ಎಂಬ ವಿವೇಕ. ಆಂಗ್ಲವನ್ನು ಕಲಿಸಬಾರದೆಂದು ನನ್ನ ಅಭಿಪ್ರಾಯವಲ್ಲ. 'ಗಿವ್' ಎಂಬುದಕ್ಕೆ ಅರ್ಥ ಬರೆಯಿಸುವಾಗ, ಯಾರು, ಯಾರಿಗೆ, ತಿರುಗಿ ಬರಲಿಕ್ಕೋ ಬಾರದಿರಲಿಕ್ಕೋ ಎಂದು ಉಪಾಧ್ಯಾಯರು ಕೇಳಿದರೆ ಸಾಕು. ಉತ್ತರವಾಗಿ ಕನ್ನಡದ ಹತ್ತು ಮಾತುಗಳು ತಾವಾಗಿಯೇ ಮಕ್ಕಳ ಬಾಯಿಗೆ ಬಂದಾವು.

ನಮ್ಮ ಆಡುಮಾತಿನಲ್ಲಿ 'ಕೊಟ್ಟುಬಿಡು' ಎಂಬ ಪ್ರಯೋಗವುಂಟು. ಕೈಯಿಂದ ಕೊಡುವುದು ಮೊದಲು, ಮನಸ್ಸಿನಿಂದ ಬಿಡುವುದು ಅನಂತರ. ಎರಡೂ ಸೇರಿದಲ್ಲಿ ಕ್ರಿಯೆಯು ಪೂರ್ಣವಾಗುವುದು. ಸ್ವತ್ವನಿವೃತ್ತಿಯೆಂದು ಶಾಸ್ತ್ರಕಾರರು ಶ್ರಮಪಟ್ಟು ವಿವರಿಸಿದ್ದನ್ನು ನಮ್ಮ ಒಕ್ಕಲಿಗನು ಒಂದು ಮಾತಿನಲ್ಲಿ ಹೇಳುತ್ತಾನೆ.